ಡೈರಿಯ ಮೂಗು

ಡೈರಿಗೆ ಹೊಸದಾಗಿ ಸೇರಿದವರು ಮೊದಲ ನಾಲ್ಕು ದಿನ ಮೂಗಣ್ಣನನ್ನು ಮಾತು ಬಾರದವನು ಎಂದೇ ತಿಳಿಯುತ್ತಿದ್ದರು. ಹೆಸರೂ ಹಾಗೇ ಇತ್ತು, ನಡವಳಿಕೆಯೂ ಹಾಗೇ ಇತ್ತು. ಬೆಳಿಗ್ಗೆ ಐದೂವರೆಗೆ ಲಾರಿಗಳು ಬಂದು ನಿಲ್ಲುವ ಸಿಮೆಂಟು ಕಟ್ಟೆಯ ಮೇಲೆ ನಿಂತನೆಂದರೆ ಹತ್ತು ಗಂಟೆಯವರೆಗೆ ಅವನ ಬಾಯಿಂದ ಹೊರಡುತ್ತಿದ್ದುದು ಎರಡೇ ಮಾತು. ಹೂಂ ಅಂದರೆ ಹಾಲು ಒಳಗೆ. ಊಹೂಂ ಅಂದರೆ ಕ್ಯಾನಿಗೆ ಬಂದ ದಾರಿಗೆ ಸುಂಕವಿಲ್ಲ. ಆಮೇಲೆ ಯಾರಾದರೂ ಹಳಬರು ಹೊಸಬರಿಗೆ ಬಿಡಿಸಿ ಹೇಳುತ್ತಿದ್ದರು: “ಅವನು ಮೂಗ ಅಲ್ಲಯ್ಯಾ, ಮೂಗು. ಈ ಡೈರಿ ಉಸಿರಾಡೋದೇ ಅವನಿಂದ.”

ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಹಾಲನ್ನು ಮೂಸುವವನು ದಡ್ಡ. ಬಿಗಿಯಾಗಿ ಮುಚ್ಚಿದ ಕ್ಯಾನು ಹತ್ತಿಪ್ಪತ್ತು ಮೈಲಿ ಕುಲುಕಾಡಿ ಬಂದಿರುತ್ತದೆ. ಅದರ ಗುಟ್ಟೆಲ್ಲ ಮುಚ್ಚಳದ ಒಳಮೈಗೆ ಅಂಟಿಕೊಂಡಿರುತ್ತದೆ. ಮುಚ್ಚಳ ಕಿತ್ತ ಕೂಡಲೇ ಮೂಗಿಗೆ ಹಿಡಿಯಬೇಕು. ಎರಡು ಕ್ಷಣ ತಡವಾದರೆ ಗಾಳಿಗೆ ಹಾರಿಹೋಗುತ್ತದೆ. ಮೂಗಣ್ಣ ಎಡಗೈಯಲ್ಲಿ ಮುಚ್ಚಳ ಎಬ್ಬಿಸಿ, ಮೂಗಿಗೆ ತಂದು, ಕೆಳಗಿಟ್ಟು, ಮುಂದಿನ ಕ್ಯಾನಿಗೆ ಹೆಜ್ಜೆ ಇಡುವಷ್ಟರಲ್ಲಿ ತೀರ್ಪು ಮುಗಿದಿರುತ್ತಿತ್ತು. ಹಸು ಕಳೆ ತಿಂದಿದ್ದರೆ ಗೊತ್ತಾಗುತ್ತಿತ್ತು. ಕೆಚ್ಚಲು ಬಾತಿದ್ದರೆ ಗೊತ್ತಾಗುತ್ತಿತ್ತು. ಕೆರೆಯ ನೀರಲ್ಲಿ ಕ್ಯಾನು ತೊಳೆದಿದ್ದರೆ, ನಿನ್ನೆ ಸಂಜೆಯ ಹಾಲಿಗೆ ಇವತ್ತಿನದನ್ನು ಸುರಿದು ಮುಖ ತೊಳೆಸಿ ಕಳಿಸಿದ್ದರೆ, ಅದೂ ಗೊತ್ತಾಗುತ್ತಿತ್ತು. ಹಾಲಿನವರು ಮೂಗು ಮುರಿಯುತ್ತಿದ್ದರು, ಬೈಯುತ್ತಿದ್ದರು, ಆದರೆ ಮರುದಿನ ಕ್ಯಾನನ್ನು ಬಿಸಿನೀರಲ್ಲಿ ತೊಳೆದು ತರುತ್ತಿದ್ದರು.

ಅವನು ಈ ಕೆಲಸಕ್ಕೆ ಬಂದವನಲ್ಲ. ಆಗ ಡೈರಿ ಎಂದರೆ ತಗಡಿನ ಒಂದು ಶೆಡ್ಡು, ಮಂಜುಗಡ್ಡೆ ಹಾಕಿದ ಒಂದು ತೊಟ್ಟಿ, ಎರಡು ಸೈಕಲ್ಲು, ಮತ್ತು ಯಜಮಾನರು. ಯಜಮಾನರು ಪ್ರತಿ ಕ್ಯಾನಿನಿಂದಲೂ ಒಂದು ಗುಟುಕು ಕುಡಿದು ನೋಡುತ್ತಿದ್ದರು. ವಾರಕ್ಕೆರಡು ಸಲ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದರು. ಮೂಗಣ್ಣ ಆಗಿನ್ನೂ ಇಪ್ಪತ್ತೊಂದರ ಹುಡುಗ, ಖಾಲಿ ಕ್ಯಾನು ತೊಳೆಯುವವನು. ಒಂದು ದಿನ ಬೂದಿಗೈಯಲ್ಲೇ ತಲೆ ಎತ್ತದೆ, “ಅದನ್ನ ಸುರೀಬೇಡಿ ಯಜಮಾನ್ರೇ, ಅದು ನಿನ್ನೆದು,” ಅಂದ. ಕ್ಯಾನು ತೊಳೆಯುವವನ ಮಾತನ್ನು ಯಾರು ಕೇಳುತ್ತಾರೆ? ಸುರಿದರು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಗೆ ತೊಟ್ಟಿಯೇ ಒಡೆದು ಕೂತಿತ್ತು. ಮರುದಿನ ಯಜಮಾನರು ಅವನ ಕೈಯಿಂದ ಬೂದಿಯ ಕುಕ್ಕೆ ಕಿತ್ತುಕೊಂಡು ಬಾಗಿಲಲ್ಲಿ ನಿಲ್ಲಿಸಿದರು. “ಇನ್ಮೇಲೆ ತೊಳೆಯೋದು ಬೇಡ. ನೀನು ಮೂಸು. ಸಾಕು.”

ಸಾಕು ಅನ್ನುವುದೇನೋ ಸುಲಭ. ಮೂಗನ್ನು ಹಾಗೇ ಇಟ್ಟುಕೊಳ್ಳಲು ಅವನು ಏನೇನು ಬಿಟ್ಟ ಎಂಬುದನ್ನು ಯಾರೂ ಪಟ್ಟಿ ಮಾಡಲಿಲ್ಲ. ಬೀಡಿ ಬಿಟ್ಟ. ಹಸಿ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ. ತಲೆಗೆ ವಾಸನೆಯೆಣ್ಣೆ ಬಿಟ್ಟ. ತಾನು ಬಿಟ್ಟದ್ದಲ್ಲದೆ ಮನೆಯವರಿಂದಲೂ ಬಿಡಿಸಿದ. ಮದುವೆಯಾಗಿ ಬಂದ ಹೆಂಡತಿಯ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಪೌಡರು, ಎರಡು ಬಿಲ್ಲೆ ಗುಲಾಬಿ ಸೋಪು ಇದ್ದವು. ವಾರದೊಳಗೆ ಅವು ಪಕ್ಕದ ಮನೆಯವಳ ಪಾಲಾದವು. “ನಾನು ಕಟ್ಟಿಕೊಂಡಿದ್ದು ಗಂಡನ್ನಲ್ಲ ಕಣೇ, ಮೂಗನ್ನ,” ಎಂದು ಅವಳು ಅಕ್ಕಪಕ್ಕದವರ ಹತ್ತಿರ ನಗೆಯಾಡುತ್ತಿದ್ದಳು. ನಗೆ ಎಂದು ಕೇಳಿದವರು ಅಂದುಕೊಂಡರು. ಮೂವತ್ತೆರಡು ವರ್ಷ ಒಬ್ಬ ಹೆಂಗಸು ಬರೀ ಬಟ್ಟೆ ಸೋಪಿನಲ್ಲಿ ಮೈ ತೊಳೆದುಕೊಂಡಳು. ಊರಿನ ಹಾಲು ಸರಿಯಾಗಿರಲಿ ಎಂದು. ಅವಳ ಹೆಸರನ್ನು ಯಾವ ಪ್ಯಾಕೆಟ್ಟಿನ ಮೇಲೂ ಯಾರೂ ಅಚ್ಚು ಹಾಕಿಸಲಿಲ್ಲ.

ಡೈರಿ ಬೆಳೆಯಿತು. ತಗಡಿನ ಶೆಡ್ಡು ಇದ್ದಲ್ಲಿ ಮೊದಲು ಗೋದಾಮು ಬಂತು, ಗೋದಾಮಿನ ಮೇಲೆ ಮಹಡಿ ಬಂತು, ಪಕ್ಕದ ಎರಡು ನಿವೇಶನ ಸೇರಿ ಗೋಡೆ ಬಂತು, ಗೋಡೆಗೆ ಗೇಟು, ಗೇಟಿಗೆ ಕಾವಲುಗಾರ. ಸೈಕಲ್ಲು ಹೋಗಿ ವ್ಯಾನು, ವ್ಯಾನು ಹೋಗಿ ಟ್ಯಾಂಕರು. ಪ್ಯಾಕೆಟ್ ತುಂಬುವ ಯಂತ್ರ, ಬೆಣ್ಣೆ, ಪುಡಿ, ಐಸ್‌ಕ್ರೀಮು. ದೂರದ ಹಳ್ಳಿಗಳಲ್ಲಿ ಹಾಲನ್ನು ತಣ್ಣಗಿಡುವ ಕೇಂದ್ರಗಳು. ಯಜಮಾನರ ಹೊಟ್ಟೆ ಬೆಳೆಯಿತು, ಮಗ ಬೆಳೆದ. ಹೊರಗೆಲ್ಲೋ ಓದಿ ಬಂದ ಚಿಕ್ಕ ಯಜಮಾನರು ಬಂದ ವರ್ಷವೇ ಊರ ತುಂಬ ದೊಡ್ಡ ದೊಡ್ಡ ಹಲಗೆ ಹಾಕಿಸಿದರು. ಹಲಗೆಯ ಮೇಲೆ ಒಂದು ಮೂಗು, ಕೆಳಗೆ ‘ನಮ್ಮ ಮೂಗು ಒಪ್ಪಿದ ಹಾಲೇ ನಿಮ್ಮ ಮನೆಗೆ’ ಎಂಬ ಮಾತು. ಅದು ಮೂಗಣ್ಣನ ಮೂಗಲ್ಲ. ಯಾವನೋ ಚಿತ್ರಗಾರ ಬರೆದ ನೀಟಾದ ಮೂಗು. ಇವನದ್ದು ಬದನೆಕಾಯಿ ಇದ್ದ ಹಾಗಿತ್ತು. ಮೂಸಲು ನಿಂತು ಇಪ್ಪತ್ತೈದು ವರ್ಷ ತುಂಬಿದ ದಿನ ಮೂಗಣ್ಣನನ್ನು ಕರೆದು ಒಂದು ಗೋಡೆ ಗಡಿಯಾರ ಕೊಟ್ಟು ಫೋಟೋ ತೆಗೆಸಿದರು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ, ತುಪ್ಪವೂ ಡೈರಿಯದೇ.

ಪ್ರಯೋಗಾಲಯವೂ ಬಂತು. ಬಿಳಿ ಕೋಟಿನ ಹುಡುಗಿಯರು, ಗಾಜಿನ ಕೊಳವೆಗಳು. ಆದರೆ ಅವರ ಉತ್ತರ ಬರಲು ಮುಕ್ಕಾಲು ಗಂಟೆ ಬೇಕು. ಲಾರಿ ಅಲ್ಲಿಯವರೆಗೆ ಬಿಸಿಲಲ್ಲಿ ನಿಂತರೆ ಒಳ್ಳೆಯ ಹಾಲೂ ಕೆಡುತ್ತದೆ. ಹಾಗಾಗಿ ಕಟ್ಟೆಯ ಮೇಲಿನ ತೀರ್ಪು ಮೂಗಣ್ಣನದೇ ಉಳಿಯಿತು. ಅದನ್ನು ಎಲ್ಲೂ ಬರೆಯುತ್ತಿರಲಿಲ್ಲ. ಬಾಯಿಮಾತು, ಅದೂ ಒಂದೇ ಮಾತು.

ಟ್ಯಾಂಕರು ಬಂದ ಮೇಲೆ ಮೂಸುವ ರೀತಿ ಮಾತ್ರ ಬದಲಾಯಿತು. ಏಣಿ ಹತ್ತಿ, ಮೇಲಿನ ದುಂಡು ಮುಚ್ಚಳ ತೆಗೆದು, ಮುಖವನ್ನೇ ಒಳಗಿಟ್ಟು ಅಲ್ಲಿಂದಲೇ ಹೇಳಬೇಕು. ಕೆಳಗೆ ವಾಲ್ವಿನ ಹತ್ತಿರ ನಿಂತವನು ಆ ಮಾತಿಗೆ ಕಾಯುತ್ತಾನೆ. ಹೂಂ ಅಂದರೆ ತಿರುಗಿಸುತ್ತಾನೆ, ಹಾಲು ಒಳಗೆ ಹೋಗುತ್ತದೆ. ಆ ವಾಲ್ವಿನವನು ಚುರುಕು ಕೈಯವನು, ಎದುರು ಮಾತಾಡದವನು. ಮೂಗಣ್ಣ ಅವನನ್ನು ಮೂರು ವರ್ಷ ನೋಡಿ ತನ್ನ ಒಬ್ಬಳೇ ಮಗಳನ್ನು ಕೊಟ್ಟ. ಅಲ್ಲಿಯವರೆಗೆ “ಲೇ, ತಿರುಗಿಸೋ” ಅನ್ನುತ್ತಿದ್ದವನು ಮದುವೆಯ ಮಾರನೆಯ ದಿನದಿಂದ “ಅಳಿಯಂದಿರೇ, ತಿರುಗಿಸಿ” ಅನ್ನತೊಡಗಿದ. ಕಟ್ಟೆಯ ಜನಕ್ಕೆ ಒಂದು ತಿಂಗಳು ಅದೇ ತಮಾಷೆ.

ಆ ವರ್ಷ ಕಟ್ಟೆಯಿಂದ ಹತ್ತು ಹೆಜ್ಜೆಗೆ ಹೊಸ ಕಂಪ್ರೆಸರು ತಂದು ಕೂರಿಸಿದರು. ಅದು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವನ ಮಾತೂ ಕೇಳುವುದಿಲ್ಲ. ಊಹೂಂ ಅಂದರೆ ಊ ಅದರ ಹೊಟ್ಟೆಗೆ ಹೋಗಿ ಹೂಂ ಮಾತ್ರ ಉಳಿಯುತ್ತಿತ್ತು. ಒಂದೆರಡು ಸಲ ಎಡವಟ್ಟಾಗುವುದು ತಪ್ಪಿತು. ಕೈಸನ್ನೆ ಮಾಡಿ ಎಂದು ಚಿಕ್ಕ ಯಜಮಾನರೇ ಹೇಳಿದರು. ಮೂಗಣ್ಣನಿಗೆ ಅದು ಹಿಡಿಸಲಿಲ್ಲ. ಮೂವತ್ತು ವರ್ಷ ನಾಲಿಗೆಯಿಂದ ತೀರ್ಪು ಕೊಟ್ಟವನು ಈಗ ಕೋತಿಯಂತೆ ಕೈ ಆಡಿಸಬೇಕೆ? “ನನ್ನ ಬಾಯಿ ಬಿದ್ದೋಗಿಲ್ಲ. ಬೇಕಾದ್ರೆ ನಿಮ್ಮ ಮಷೀನನ್ನ ಆ ಕಡೆ ಇಡಿಸಿ,” ಅಂದ. ಎಲ್ಲರ ಎದುರಿಗೇ ಅಂದ. ಕೋಪ ಮೂಗಿನ ತುದಿಯಲ್ಲೇ ಇದ್ದವನು. ಆ ಒಂದು ಮಾತು ಆಮೇಲೆ ಅವನ ಕೊರಳಿಗೇ ಸುತ್ತಿಕೊಂಡಿತು.

ಬೇಸಿಗೆಯ ನಡುವೆ ಶಾಲೆಗಳಿಗೆ ಹಾಲು ಕೊಡುವ ಗುತ್ತಿಗೆ ಡೈರಿಗೆ ಸಿಕ್ಕಿತು. ಊರಿನ ಅಷ್ಟೂ ಶಾಲೆಗಳು. ಅದಕ್ಕಿಂತ ದೊಡ್ಡ ಕೆಲಸ ಡೈರಿ ಅದುವರೆಗೆ ಹಿಡಿದಿರಲಿಲ್ಲ. ಮೊದಲ ಹಾಲು ಹೊರಡಬೇಕಾದ ಹಿಂದಿನ ದಿನ, ನಡು ಮಧ್ಯಾಹ್ನ, ದೂರದ ಕೇಂದ್ರವೊಂದರಿಂದ ಟ್ಯಾಂಕರು ಬಂತು. ಆ ಕೇಂದ್ರದಲ್ಲಿ ತಣ್ಣಗಿಡುವ ಯಂತ್ರ ಕೆಟ್ಟು ಒಂದೂವರೆ ದಿನವಾಗಿತ್ತು. ಚಿಕ್ಕ ಯಜಮಾನರಿಗೆ ಅದು ಗೊತ್ತಿತ್ತು. ಮೂಗಣ್ಣನಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮುಚ್ಚಳ ಎತ್ತಿದ ಕೂಡಲೇ ಬಿಸಿ ಹಬೆಯ ಜೊತೆ ಬಂದ ನಾತಕ್ಕೆ ಅವನ ಕಣ್ಣಲ್ಲಿ ನೀರು ಬಂತು. “ಊಹೂಂ,” ಅಂದ. ಕಂಪ್ರೆಸರು ಓಡುತ್ತಿತ್ತು. ಇನ್ನೊಂದು ಸಲ, ಗಂಟಲು ಹರಿಯುವಂತೆ “ಊಹೂಂ” ಅಂದು ಇಳಿದು ಮುಖ ತೊಳೆಯಲು ನಲ್ಲಿಗೆ ಹೋದ.

ನಲ್ಲಿ ನಿಲ್ಲಿಸಿದಾಗ ಪಂಪಿನ ಸದ್ದು ಕೇಳಿತು. ಓಡಿ ಬಂದು ನೋಡಿದರೆ ವಾಲ್ವ್ ತೆರೆದಿದೆ, ಅಳಿಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಾನೆ, ಅವನ ಹಿಂದೆ ಚಿಕ್ಕ ಯಜಮಾನರು.

“ಅದು ಬೇಡ ಅಂದೆನಲ್ಲ!” ಅಂದ ಮೂಗಣ್ಣ.

“ಇರಲಿ ಬಿಡಿ. ಸ್ವಲ್ಪ ಹುಳಿ ಅಷ್ಟೆ. ಕಾಯಿಸೇ ಕಾಯಿಸ್ತೀವಲ್ಲ,” ಅಂದರು ಚಿಕ್ಕ ಯಜಮಾನರು. “ಬೆಳಿಗ್ಗೆ ಹಾಲು ಹೋಗ್ಲಿಲ್ಲ ಅಂದ್ರೆ ಗುತ್ತಿಗೆ ಹೋಗುತ್ತೆ. ನೀವು ಮನೆಗೆ ಹೊರಡಿ, ಬಿಸಿಲು ಜಾಸ್ತಿ.”

ಅಷ್ಟರಲ್ಲಿ ಇಬ್ಬರು ಆಳುಗಳು ಎರಡು ಚೀಲ ಹೊತ್ತು ಒಳಗೆ ಹೋದರು. ಬಟ್ಟೆ ಒಗೆಯುವ ಸೋಡಾ. ಹುಳಿ ಹಾಲಿಗೆ ಅದನ್ನು ಬೆರೆಸಿದರೆ ಕಾಯಿಸುವಾಗ ಒಡೆಯುವುದಿಲ್ಲ, ನೋಡುವವರಿಗೆ ಹಾಲು ಹಾಲಿನಂತೆಯೇ ಕಾಣುತ್ತದೆ. ಅದು ಮೂಗಣ್ಣನಿಗೆ ಗೊತ್ತಿತ್ತು. ಇಲ್ಲಿ ಅವನ ಪರವಾಗಿ ಸುಳ್ಳು ಹೇಳಿ ಪ್ರಯೋಜನವಿಲ್ಲ: ಅವನು ಅಡ್ಡ ಮಲಗಲಿಲ್ಲ, ಶಾಲೆಗೆ ಹೋಗಿ ಹೇಳಲಿಲ್ಲ. ವಾಲ್ವಿನ ಮೇಲಿದ್ದ ಕೈ ತನ್ನ ಅಳಿಯನದು, ಮಗಳಿಗೆ ಏಳು ತಿಂಗಳು ಎಂಬುದಷ್ಟೇ ಅವನ ತಲೆಯಲ್ಲಿತ್ತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮುನ್ನೂರು ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆಯಲ್ಲಿದ್ದರು. ಮಂಚ ಸಾಲದೆ ಮೊಗಸಾಲೆಯಲ್ಲಿ ಚಾಪೆ ಹಾಸಿದರು. ಯಾರೂ ಸಾಯಲಿಲ್ಲ. ಡೈರಿಯ ಪುಣ್ಯ ಅಂದರು ಡೈರಿಯವರು. ಮಕ್ಕಳ ಪುಣ್ಯ ಎಂದು ಅವರ ಬಾಯಿಂದ ಬರಲಿಲ್ಲ.

ಮೂರನೆಯ ದಿನ ಮಹಡಿಯ ತಣ್ಣನೆಯ ಕೋಣೆಗೆ ಮೂಗಣ್ಣನನ್ನು ಕರೆಸಿದರು. ಚಿಕ್ಕ ಯಜಮಾನರು ಮೇಜಿನ ಹಿಂದೆ, ಹಳೆಯ ಯಜಮಾನರು ಕಿಟಕಿಯ ಹತ್ತಿರ. ವಿಚಾರಣೆಗೆ ಅಧಿಕಾರಿ ಬರುತ್ತಾರೆ, ಕೆಟ್ಟ ಹಾಲನ್ನು ಒಳಗೆ ಬಿಟ್ಟವರು ಯಾರು ಎಂದು ಕೇಳುತ್ತಾರೆ. ಚಿಕ್ಕ ಯಜಮಾನರು ಬೆರಳು ಮಡಚಿ ಹೇಳಿದರು. “ನೀವು ಊಹೂಂ ಅಂದಿದ್ದು ಹೌದು ಅಂತಿಟ್ಟುಕೊಳ್ಳಿ. ಆಗ ತಪ್ಪು ವಾಲ್ವ್ ತಿರುಗಿಸಿದವನದ್ದು. ಜೈಲು ಗ್ಯಾರಂಟಿ. ನೀವು ಹೂಂ ಅಂದ್ರಿ ಅಂತಾದ್ರೆ, ವಯಸ್ಸಾಯ್ತು, ಜ್ವರ ಬಂದು ಮೂಗು ಹೋಯ್ತು. ಮೂಗು ಹೋದವನನ್ನ ಯಾರೂ ಜೈಲಿಗೆ ಹಾಕಲ್ಲ. ಮಷೀನ್ ಸದ್ದು ಬೇರೆ ಇತ್ತು. ಕೈಸನ್ನೆ ಮಾಡಿ ಅಂದ್ರೂ ನೀವೇ ಒಪ್ಪಿರಲಿಲ್ಲ. ಎಲ್ಲರಿಗೂ ಗೊತ್ತು.”

“ತಿರುಗಿಸು ಅಂದವರದ್ದು?” ಅಂದ ಮೂಗಣ್ಣ.

ಹಳೆಯ ಯಜಮಾನರು ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ, “ಡೈರಿ ಉಳೀಬೇಕು ಮಾರಾಯ. ನೀನೇ ಕೈಯಾರೆ ಬೆಳೆಸಿದ್ದು,” ಅಂದರು.

“ಕೈಯಾರೆ ಅಲ್ಲ ಯಜಮಾನ್ರೇ,” ಅಂದು ಮೂಗಣ್ಣ ಎದ್ದು ಬಂದ.

ಕ್ಯಾನು ತೊಳೆಯುವ ಜಾಗದ ಹಿಂದೆ ಮೆಟ್ಟಿಲ ಮೇಲೆ ಅಳಿಯ ಕೂತಿದ್ದ. ಮಾವನನ್ನು ನೋಡಿ ಎದ್ದವನು ಮತ್ತೆ ಕುಸಿದ.

“ನನ್ನ ಮಾತು ನಿಮಗೆ ಕೇಳಿಸ್ತಾ, ಇಲ್ವಾ? ಅದೊಂದು ಹೇಳಿ,” ಅಂದ ಮೂಗಣ್ಣ.

“ಕೇಳಿಸ್ತು ಮಾವ. ಎರಡು ಸಲಾನೂ ಕೇಳಿಸ್ತು. ಅವರು ತಿರುಗಿಸು ಅಂತ ಕಣ್ಣಲ್ಲೇ ಹೇಳಿದ್ರು. ಕೆಲಸ ಹೋಗುತ್ತೆ ಅಂತ...” ಅಳಿಯ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

ಮೂಗಣ್ಣ ಪಕ್ಕದಲ್ಲಿ ಕೂತ. ಕೋಪ ಬಂದಿತ್ತು, ಎರಡು ಬಾರಿಸಬೇಕು ಎನ್ನುವಷ್ಟು. ಆದರೆ ಬಸುರಿ ಮಗಳ ಗಂಡನನ್ನು ಬಾರಿಸಿ ಎಲ್ಲಿಗೆ ಹೋಗುವುದು? “ಊರಿಗೆ ಅವರು ಏನು ಬೇಕಾದ್ರೂ ಹೇಳಿಕೊಳ್ಳಲಿ. ನಾನೂ ಹೂಂ ಅಂದೆ ಅಂತಲೇ ಹೇಳ್ತೀನಿ. ಆದ್ರೆ ನನ್ನ ಮಗಳಿಗೆ ನಿಜ ಗೊತ್ತಾಗ್ಬೇಕು. ಅಪ್ಪ ಕಣ್ಣುಮುಚ್ಚಿ ಮಕ್ಕಳಿಗೆ ವಿಷ ಬಿಟ್ಟ ಅಂತ ಅವಳು ಅಂದುಕೊಂಡ್ರೆ ನಾನು ಬದುಕಿದ್ದೂ ಸತ್ತಂಗೆ. ನಾನು ಹೇಳಿದ್ರೆ ನಿಮ್ಮ ಮೇಲೆ ದೂರು ಹೇಳಿದಂಗಾಗುತ್ತೆ. ನೀವೇ ಹೇಳ್ಬೇಕು.”

“ಹೆರಿಗೆ ಆಗ್ಲಿ ಮಾವ. ಆಮೇಲೆ ನಾನೇ ಹೇಳ್ತೀನಿ. ನಿಮ್ಮಾಣೆ.”

ವಿಚಾರಣೆಗೆ ಬಂದವರು ಕನ್ನಡಕದ ಸಣಕಲು ಹೆಂಗಸು. ಬಾಯಿಮಾತಿಗೆ ಮಣಿಯುವವರಲ್ಲ. ಮೂಗು ಹೋಗಿದೆ ಎಂಬ ವೈದ್ಯರ ಚೀಟಿಯನ್ನು ಪಕ್ಕಕ್ಕೆ ಸರಿಸಿ, ಪ್ರಯೋಗಾಲಯದ ಮೇಜಿನ ಮೇಲೆ ಮುಚ್ಚಿದ ಮೂರು ಬಾಟಲಿ ಇಡಿಸಿದರು. ಚಿಕ್ಕ ಯಜಮಾನರು, ಅಳಿಯ, ಬಿಳಿ ಕೋಟಿನ ಹುಡುಗಿಯರು ಗೋಡೆಗೆ ಒರಗಿ ನಿಂತರು.

ಮೂಗಣ್ಣ ಮೊದಲನೆಯದರ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಒಳ್ಳೆಯ ಹಾಲು, ಬೆಳಗಿನದು, ಹಸು ಒಣಹುಲ್ಲು ತಿಂದದ್ದು. “ಹೂಂ.” ಎರಡನೆಯದು ಪ್ಯಾಕೆಟ್ಟಿನ ಹಾಲು, ಕಾಯಿಸಿ ಆರಿಸಿದ್ದು. “ಹೂಂ.” ಮೂರನೆಯದನ್ನು ತೆರೆಯುವ ಮುಂಚೆಯೇ ಅವನಿಗೆ ಗೊತ್ತಾಗಿತ್ತು. ಎರಡು ದಿನ ಬಿಸಿಲಲ್ಲಿಟ್ಟದ್ದು. ಆದರೂ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಮೂವತ್ತೆರಡು ವರ್ಷದಲ್ಲಿ ಎಷ್ಟು ಲಕ್ಷ ಮುಚ್ಚಳ ಎತ್ತಿದ್ದನೋ, ಒಂದಕ್ಕೂ ಸುಳ್ಳು ಹೇಳಿದವನಲ್ಲ. ಯಜಮಾನರ ತಮ್ಮನ ಕ್ಯಾನಿಗೂ ಹೇಳಿರಲಿಲ್ಲ, ತನ್ನ ಮಾವನ ಕ್ಯಾನಿಗೂ ಹೇಳಿರಲಿಲ್ಲ.

“ಹೂಂ,” ಅಂದ.

“ಖಂಡಿತಾನಾ?”

“ಹೂಂ.”

ಅವರು ಕನ್ನಡಕ ಸರಿಮಾಡಿಕೊಂಡು ಅವನ ಮುಖವನ್ನೇ ನೋಡಿದರು. “ಹಾಗಾದ್ರೆ ಒಂದು ಗುಟುಕು ಕುಡೀರಿ ನೋಡೋಣ. ಒಳ್ಳೆ ಹಾಲಲ್ವಾ?”

ಅಳಿಯ ಏನಾದರೂ ಅನ್ನಬಹುದೇನೋ ಎಂದು ಮೂಗಣ್ಣ ಒಂದು ಉಸಿರು ಕಾದ. ಆಮೇಲೆ ಬಾಟಲಿ ಎತ್ತಿ ಕುಡಿದ. ಒಂದು ಗುಟುಕಲ್ಲ, ಮೂರು. ಗಡ್ಡೆಗಟ್ಟಿದ್ದು ಗಂಟಲಲ್ಲಿ ಜಾರಿತು. ಅವನ ಕಣ್ಣಲ್ಲಿ ನೀರು ನಿಂತದ್ದನ್ನು ಅಧಿಕಾರಿ ನೋಡಿದರು. ನೋಡಿ, ಮೂಗು ಹೋಗಿದೆ ಎಂದೇ ಕಾಗದದ ಮೇಲೆ ಬರೆದುಕೊಂಡರು. ಕ್ಯಾನು ತೊಳೆಯುವ ನಲ್ಲಿಯವರೆಗೆ ಅವನು ಹೇಗೋ ತಡೆದುಕೊಂಡು ಹೋದ.

ಡೈರಿ ಉಳಿಯಿತು. ಉಳಿದದ್ದೇನು, ಇನ್ನೂ ಬೆಳೆಯಿತು. ಮೂಗಣ್ಣನನ್ನು ಮನೆಗೆ ಕಳಿಸಿದರು. ಅಳಿಯ ಹಾಲು ಒಳಗೆ ಬಿಡುವ ವಿಭಾಗಕ್ಕೆ ಮೇಲ್ವಿಚಾರಕನಾದ. ಡೈರಿಯ ಗೋಡೆಯೊಳಗೇ ಎರಡು ಕೋಣೆಯ ಮನೆ ಸಿಕ್ಕಿತು. ಬೀದಿಯಲ್ಲಿ ಮೂಗಣ್ಣ ಹೋದರೆ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, “ಏನಣ್ಣ, ನೆಗಡಿ ಬಿಡ್ತಾ?” ಅನ್ನುತ್ತಿದ್ದ. ಆಸ್ಪತ್ರೆ ಕಂಡು ಬಂದ ಮಕ್ಕಳ ತಾಯಂದಿರು ಅಷ್ಟನ್ನೂ ಅನ್ನುತ್ತಿರಲಿಲ್ಲ, ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನ ಹೆಂಡತಿ ಒಂದು ದಿನ ಅಂಗಡಿಯಿಂದ ಗುಲಾಬಿ ಸೋಪು ತಂದು ಸ್ನಾನ ಮಾಡಿ ಬಂದಳು. ಅವನು ಸುಮ್ಮನೆ ಎದ್ದು ಹೊರಗಿನ ಜಗುಲಿಗೆ ಹೋಗಿ ಕೂತದ್ದನ್ನು ನೋಡಿದಳು. ಸೋಪನ್ನು ಕಾಗದದಲ್ಲಿ ಸುತ್ತಿ ಪಕ್ಕದ ಮನೆಗೆ ಕೊಟ್ಟು ಬಂದಳು. ಅವನ ಮೂಗು ಹೋಗಿಲ್ಲವೆಂದು ಹೀಗೆ ಹೇಳದೆಯೇ ಅವಳಿಗೆ ತಿಳಿಯಿತು. ಹೇಳಬೇಕಾದದ್ದು ಮಗಳಿಗೆ ಮಾತ್ರ, ಅದನ್ನು ಹೇಳುವ ಮಾತು ಅಳಿಯನದು.

ಹೆರಿಗೆ ಆಯಿತು, ಗಂಡು. ಬಾಣಂತಿಗೆ ಯಾಕೆ ತಲೆಬಿಸಿ ಅಂದ ಅಳಿಯ. ಮಗುವಿಗೆ ಐದು ತಿಂಗಳಾಯಿತು. ಒಳ್ಳೆ ಹೊತ್ತು ನೋಡಿ ಹೇಳ್ತೀನಿ ಅಂದ. ಆಮೇಲೆ ಮೂಗಣ್ಣ ಕೇಳುವುದನ್ನು ಬಿಟ್ಟ, ಅಳಿಯ ಹೇಳುವುದನ್ನೂ ಬಿಟ್ಟ. ಹೇಳಿರಬಹುದು ಎಂದುಕೊಳ್ಳುವುದು ಮೂಗಣ್ಣನಿಗೆ ಅಭ್ಯಾಸವಾಯಿತು. ಮಗಳು ಮೊದಲಿನಂತೆಯೇ ನಗುತ್ತಿದ್ದಳು, ತಟ್ಟೆಗೆ ಬಡಿಸುತ್ತಿದ್ದಳು. ಅಪ್ಪನ ತೊಡೆಯ ಮೇಲೆ ಮಗುವನ್ನು ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. ಗೊತ್ತಿದ್ದವಳೇ ಹೀಗಿರುತ್ತಾಳೆ ಎಂದು ಅವನು ಲೆಕ್ಕ ಹಾಕಿಕೊಂಡಿದ್ದ.

ಮಗುವಿಗೆ ಹನ್ನೊಂದು ತಿಂಗಳಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಅವನು ಮಗಳ ಮನೆಯಲ್ಲಿದ್ದ. ಬೆಳಗಿನಿಂದ ಕರೆಂಟಿರಲಿಲ್ಲ, ಗಾಳಿಯೂ ಇರಲಿಲ್ಲ. ಮಗಳು ಬೆಳಿಗ್ಗೆ ಕಾಯಿಸಿಟ್ಟ ಹಾಲನ್ನು ಲೋಟಕ್ಕೆ ಬಗ್ಗಿಸಿ, ಸಕ್ಕರೆ ಕದಡಿ, ಮಗುವಿಗೆ ಕುಡಿಸಲು ತಂದಳು. ಮಗು ಅಜ್ಜನ ತೊಡೆಯ ಮೇಲಿತ್ತು. ಲೋಟ ಹತ್ತಿರ ಬಂದಾಗ ಮೂಗಣ್ಣ ಮುಖ ಎತ್ತಿದ.

“ಇದು ಬೇಡಮ್ಮ. ಹುಳಿ ತಿರುಗಿದೆ.”

“ಇಲ್ಲಪ್ಪ. ಬೆಳಿಗ್ಗೆ ಕಾಯಿಸಿದ್ದು.”

“ಬೇಡ ಅಂತ ಹೇಳ್ತಿದೀನಲ್ಲ.”

ಮಗಳು ಅವನನ್ನು ಕನಿಕರದಿಂದ ನೋಡಿದಳು. ಆ ಕನಿಕರ ಅವನಿಗೆ ಅರ್ಥವಾಗಲಿಲ್ಲ. “ರೀ, ಸ್ವಲ್ಪ ಬನ್ನಿ ಇಲ್ಲಿ. ಈ ಹಾಲು ನೋಡಿ,” ಎಂದು ಒಳಗೆ ಕೂಗಿದಳು.

ಅಳಿಯ ಬಂದ. ಲೋಟ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ಡೈರಿಯ ಅಷ್ಟೂ ಹಾಲನ್ನು ಒಳಗೆ ಬಿಡುವ ಮೇಲ್ವಿಚಾರಕ. ಮುಚ್ಚಳಕ್ಕೂ ಲೋಟಕ್ಕೂ ವ್ಯತ್ಯಾಸ ತಿಳಿಯದವನು. “ಚೆನ್ನಾಗೇ ಇದೆಯಲ್ಲ,” ಅಂದ.

ಲೋಟ ಮತ್ತೆ ಮಗುವಿನ ತುಟಿಗೆ ಬಂತು. ಮೂಗಣ್ಣ ಕೈ ಬೀಸಿ ಹೊಡೆದ. ಲೋಟ ಗೋಡೆಗೆ ಬಡಿದು ಉರುಳಿತು, ಹಾಲು ನೆಲದ ಮೇಲೆ ಹರಡಿತು, ಮಗು ಬೆಚ್ಚಿ ಅಳತೊಡಗಿತು. ಮಗಳು ಅವನ ತೊಡೆಯಿಂದ ಮಗುವನ್ನು ಕಿತ್ತುಕೊಂಡಳು.

“ಏನಪ್ಪ ಇದು? ಎಷ್ಟು ದಿನ ಅಂತ ಸುಮ್ನಿರ್ಲಿ? ನಿನ್ನ ಮನಸ್ಸು ನೋಯ್ಬಾರ್ದು ಅಂತ ನಾನು ಆ ವಿಷಯ ಎತ್ತಿಲ್ಲ. ಈ ಎಚ್ಚರ ಅವತ್ತು ಇದ್ದಿದ್ರೆ ಆ ಮುನ್ನೂರು ಮಕ್ಕಳು ಆಸ್ಪತ್ರೆ ಸೇರ್ತಿರ್ಲಿಲ್ಲ.”

ಮೂಗಣ್ಣ ಅಳಿಯನ ಕಡೆ ನೋಡಿದ. ಅಳಿಯ ಒಳಗೆ ಹೋಗಿ ಬಟ್ಟೆ ತಂದು, ಮಂಡಿಯೂರಿ ಕೂತು ನೆಲ ಒರೆಸತೊಡಗಿದ್ದ. ತಲೆ ಎತ್ತಲಿಲ್ಲ. ಒರೆಸಿ ಒಣಗಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ.

ಹೇಳಲು ಮೂಗಣ್ಣನಿಗೂ ಬಾಯಿತ್ತು. ಅವಳ ಗಂಡ ಅವಳ ಕಾಲ ಬಳಿಯೇ ಇದ್ದ, ಮಾತೂ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಆಡಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದರೆ ಸಿಗಲಿಲ್ಲ. ಮೂಗು ಅವತ್ತೂ ಇತ್ತು, ಲೋಟಕ್ಕೆ ಬೀಸಿದ ಈ ಕೈ ಮಾತ್ರ ಅವತ್ತು ಎದ್ದಿರಲಿಲ್ಲ. ಸೋಡಾದ ಚೀಲ ಒಳಗೆ ಹೋಗುವುದನ್ನು ಕಣ್ಣಾರೆ ಕಂಡು, ನೆಟ್ಟಗೆ ಮನೆಗೆ ನಡೆದು, ಉಂಡು, ಮಲಗಿದವನು ಅವನೇ.

“ಮಗೂಗೆ ಬೇರೆ ಪ್ಯಾಕೆಟ್ ತರಿಸಮ್ಮ,” ಅಂದ. ಮಗಳು ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನಿಗೆ ಬೆನ್ನು ತಿರುಗಿಸಿ ನಿಂತಳು.